ಸೋಸಿ ತೆಗೆದ ಅಕ್ಷರಗಳು

ಕಿರಿಸೊಸೆ ಗಂಟೆಗೆ ಇನ್ನೂರು ಸಸಿ ಕಸಿ ಮಾಡುತ್ತಾಳೆ ಎಂಬುದನ್ನು ಮಾವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಕೇಳಿದವರಿಗೂ ಹೇಳುತ್ತಿದ್ದರು, ಕೇಳದವರಿಗೂ ಹೇಳುತ್ತಿದ್ದರು. ಕರೆಂಟ್ ಮೀಟರ್ ನೋಡಲು ಬಂದವನನ್ನೂ ಕೂರಿಸಿಕೊಂಡು ಹೇಳಿದ್ದುಂಟು. ಹಿರಿಸೊಸೆ ಒಂದು ರೋಗಾಣುವಿನ ಮೂವತ್ತಮೂರು ಲಕ್ಷ ಅಕ್ಷರಗಳನ್ನು ಎರಡೇ ದಿನದಲ್ಲಿ ಓದಿ ಮುಗಿಸುತ್ತಾಳೆ ಎಂಬುದನ್ನು ಮಾತ್ರ ಅವರು ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ. ಒಮ್ಮೆ ಯಾರೋ "ದೊಡ್ಡ ಸೊಸೆ ಏನು ಕೆಲಸ ಮಾಡ್ತಾರೆ?" ಎಂದು ಕೇಳಿದಾಗ, "ಅವಳಾ? ಎಲ್ಲೋ ಕೂತು ಹುಳ ನೋಡ್ತಾಳೆ" ಎಂದು ಹೇಳಿ ಮತ್ತೆ ಕಸಿಯ ಮಾತಿಗೇ ಹೊರಳಿಕೊಂಡಿದ್ದರು.

ಮನೆಯ ಹಿಂದೆ ಮೂರು ಗಾಜಿನ ಮನೆಗಳಿದ್ದವು. ಅಲ್ಲಿ ಬೆಳೆಯುತ್ತಿದ್ದದ್ದು ಟೊಮೇಟೊ. ಹಣ್ಣಲ್ಲ, ಸಸಿ ಮಾತ್ರ. ಗಟ್ಟಿ ಬೇರಿನ ಒಂದು ತಳಿಯ ತಲೆ ಕತ್ತರಿಸಿ, ಒಳ್ಳೆಯ ಹಣ್ಣು ಬಿಡುವ ಇನ್ನೊಂದು ತಳಿಯ ಚಿಗುರನ್ನು ಅದರ ಮೇಲೆ ಕೂರಿಸಿ, ಬೆಂಕಿಕಡ್ಡಿಯಷ್ಟು ಸಣ್ಣ ಕ್ಲಿಪ್ಪು ಹಾಕಿದರೆ ಒಂದು ಸಸಿ ಮುಗಿದ ಹಾಗೆ. ಎರಡೂ ಕಾಂಡಗಳನ್ನು ಒಂದೇ ಓರೆಯಲ್ಲಿ ಕತ್ತರಿಸಬೇಕು; ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಸಿ ಹಿಡಿಯುವುದಿಲ್ಲ. ಕಿರಿಸೊಸೆ ಹೆಚ್ಚು ಓದಿದವಳಲ್ಲ, ಮಾತೂ ಕಡಿಮೆ. ಆದರೆ ಎತ್ತರದ ಸ್ಟೂಲಿನ ಮೇಲೆ ಕುಳಿತು ಬ್ಲೇಡು ಹಿಡಿದಳೆಂದರೆ, ಅವಳ ಬೆರಳು ನೋಡುತ್ತ ನಿಂತವರಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕತ್ತರಿಸುವಾಗ ಅವಳ ಕೆಳದುಟಿ ಸ್ವಲ್ಪ ಮುಂದೆ ಬರುತ್ತಿತ್ತು. ಮಾವನಿಗೆ ಅದೂ ಹೆಮ್ಮೆಯೇ.

ಹಿರಿಸೊಸೆಗೆ ಇದನ್ನೆಲ್ಲ ಕಂಡರೆ ಮೈ ಉರಿಯುತ್ತಿತ್ತು. ಹೊಟ್ಟೆಕಿಚ್ಚು ಎಂದರೆ ಅವಳು ಒಪ್ಪುತ್ತಿರಲಿಲ್ಲ. ಆದರೆ ಅದು ಹೊಟ್ಟೆಕಿಚ್ಚೇ, ಬೇರೆ ಹೆಸರಿಟ್ಟು ಚಂದ ಮಾಡುವ ಅಗತ್ಯ ನಮಗಿಲ್ಲ. ಅರ್ಧ ಆಯುಸ್ಸು ಓದಿನಲ್ಲಿ ಸವೆಸಿ, ಬೆಳೆ ರೋಗಗಳ ಸಂಶೋಧನಾ ಕೇಂದ್ರದಲ್ಲಿ ಕೆಲಸ ಹಿಡಿದು, ಬಿಳಿ ಕೋಟು ತೊಟ್ಟು ಓಡಾಡುವವಳಿಗೆ ಮನೆಯಲ್ಲಿ ಸಿಗುತ್ತಿದ್ದ ಮರ್ಯಾದೆಯೆಂದರೆ "ಉಪ್ಪು ಈ ಕಡೆ ಕೊಡು" ಎಂಬಷ್ಟು. ಅವಳ ಗಂಡನೋ, ಅಪ್ಪ ಕೂರೆಂದರೆ ಕೂರುವ, ನಿಲ್ಲೆಂದರೆ ನಿಲ್ಲುವ ಪ್ರಾಣಿ. "ನೀನ್ಯಾಕೆ ತಲೆ ಕೆಡಿಸ್ಕೋತೀಯ, ಅಪ್ಪ ಇರೋದೇ ಹಾಗೆ" ಎಂದು ಹೇಳಿ ಮಗ್ಗುಲಾಗುತ್ತಿದ್ದ.

ಅವಳ ಕೆಲಸ ಮಾತ್ರ ನಿಜಕ್ಕೂ ದೊಡ್ಡದೇ. ಪ್ರತಿ ರೋಗಾಣುವಿನ ಒಳಗೂ ನಾಲ್ಕೇ ನಾಲ್ಕು ಅಕ್ಷರಗಳಲ್ಲಿ ಬರೆದ ಒಂದು ಉದ್ದನೆಯ ಬರಹವಿರುತ್ತದೆ. ಬಾಡಿದ ಗಿಡದಿಂದ ರೋಗಾಣುವನ್ನು ಬೇರ್ಪಡಿಸಿ, ಒಡೆದು, ಆ ಬರಹವನ್ನು ಚೂರುಚೂರು ಮಾಡಿ ಯಂತ್ರಕ್ಕೆ ಕೊಟ್ಟರೆ ಯಂತ್ರ ಒಂದೊಂದೇ ಚೂರನ್ನು ಓದುತ್ತದೆ, ಕಂಪ್ಯೂಟರ್ ಚೂರುಗಳನ್ನು ಸಾಲಾಗಿ ಜೋಡಿಸುತ್ತದೆ. ಎರಡು ತೋಟಗಳ ರೋಗಾಣುಗಳ ಬರಹ ಅಕ್ಷರಕ್ಕೆ ಅಕ್ಷರ ಹೊಂದಿದರೆ, ರೋಗ ಎರಡು ಕಡೆಗೂ ಒಂದೇ ಮೂಲದಿಂದ ಹೋಗಿದೆ ಎಂದರ್ಥ. ಎಷ್ಟೋ ತೋಟಗಳಿಗೆ ಪಿಡುಗು ಎಲ್ಲಿಂದ ಬಂತೆಂದು ಅವಳು ಬರೆದು ಕೊಟ್ಟಿದ್ದಳು. ಅವಳ ಕಾಗದ ಹಿಡಿದುಕೊಂಡು ಜನ ಬಡಿದಾಡಿದ್ದರು, ಅಣ್ಣತಮ್ಮಂದಿರು ಮುಖ ನೋಡುವುದು ಬಿಟ್ಟಿದ್ದರು. ಅದು ತನ್ನ ತಪ್ಪಲ್ಲ, ಅಕ್ಷರಗಳ ತಪ್ಪು ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ಮಾವ ಬ್ಲೇಡಿನ ವಿಷಯ ತೆಗೆದರು. ಅಂಗಡಿಯ ಬ್ಲೇಡು ನಾಲ್ಕು ಟ್ರೇಗೇ ಮೊಂಡಾಗುತ್ತಿದೆ, ಕಾಂಡ ಜಜ್ಜಿಹೋಗುತ್ತಿದೆ ಎಂದರು.

"ಅಕ್ಕ, ನಿಮ್ಮ ಲ್ಯಾಬಲ್ಲಿ ಒಳ್ಳೆ ಬ್ಲೇಡ್ ಇರುತ್ತಲ್ವಾ?" ಎಂದಳು ಕಿರಿಸೊಸೆ.

ಮಾವ ತಲೆಯೆತ್ತಿ ಹಿರಿಸೊಸೆಯನ್ನು ನೋಡಿದರು. ಇವಳಿಂದಲೂ ಏನಾದರೂ ಉಪಯೋಗವಿರಬಹುದೇ ಎಂದು ಮೊದಲ ಬಾರಿಗೆ ಅನ್ನಿಸಿದವರ ನೋಟ ಅದು. ಅಷ್ಟು ಸಾಕಾಯಿತು. ಮಾರನೆಯ ದಿನವೇ ಅವಳು ಕೇಂದ್ರದ ಕಪಾಟಿನಿಂದ ಹನ್ನೆರಡು ಬ್ಲೇಡುಗಳಿದ್ದ ಒಂದು ತಗಡಿನ ಡಬ್ಬಿಯನ್ನು ಯಾರಿಗೂ ಹೇಳದೆ ಚೀಲಕ್ಕೆ ಹಾಕಿಕೊಂಡು ಬಂದಳು. ಆ ಬ್ಲೇಡುಗಳನ್ನು ಬಿಸಾಡುತ್ತಿರಲಿಲ್ಲ. ಒರೆಸಿ, ಡಬ್ಬಿಗೆ ಹಾಕಿ, ಆವಿಯ ಯಂತ್ರದಲ್ಲಿ ಬೇಯಿಸಿ ಮತ್ತೆ ಬಳಸುತ್ತಿದ್ದರು. ಬೆಂದದ್ದು ಗೊತ್ತಾಗಲೆಂದು ಡಬ್ಬಿಗೆ ಒಂದು ಟೇಪು ಅಂಟಿಸುತ್ತಾರೆ. ಆವಿ ತಾಗಿದರೆ ಅದರ ಮಾಸಲು ಗೆರೆಗಳು ಕಪ್ಪಾಗುತ್ತವೆ. ಅವಳು ನೋಡಿಯೇ ತಂದಿದ್ದಳು. ಗೆರೆಗಳು ಕಪ್ಪಾಗಿದ್ದವು.

"ಪರವಾಗಿಲ್ವೇ, ಕೆಲಸಕ್ಕೆ ಬಂದೆ" ಎಂದರು ಮಾವ. ಹಿರಿಸೊಸೆ ಅವತ್ತು ಇಡೀ ದಿನ ಒಳಗೊಳಗೇ ಹಿಗ್ಗಿದಳು. ಇಷ್ಟು ಓದಿದವಳು ಒಂದು ಡಬ್ಬಿ ಬ್ಲೇಡಿಗೆ ಹಿಗ್ಗಬೇಕಾಗಿ ಬಂತಲ್ಲ, ಪಾಪ.

ಐದು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಕಿರಿಸೊಸೆ ಅಡಿಗೆಮನೆಗೆ ಬಂದು ಹಿರಿಸೊಸೆಯ ಮೊಣಕೈ ಹಿಡಿದಳು. "ಅಕ್ಕ, ಸ್ವಲ್ಪ ಬನ್ನಿ. ಮಾವಂಗೆ ಹೇಳೋ ಮುಂಚೆ ನೀವು ನೋಡ್ಬಿಡಿ."

ಎರಡನೆಯ ಗಾಜಿನ ಮನೆಯಲ್ಲಿ ಕೆಲವು ಟ್ರೇಗಳ ಸಸಿಗಳು ಒಂದು ಮಗ್ಗುಲಿಗೆ ಬಾಡಿದ್ದವು. ಎಲೆಯಂಚು ಸುಟ್ಟ ಕಾಗದದ ಹಾಗೆ ಮುರುಟಿತ್ತು. ಹಿರಿಸೊಸೆ ಒಂದು ಕಾಂಡವನ್ನು ಉದ್ದಕ್ಕೆ ಸೀಳಿದಳು. ಒಳಗೆ ಕಂದು ಗೆರೆ. ಕಸಿಯ ಜಾಗದಿಂದ ಶುರುವಾಗಿ ಮೇಲಕ್ಕೂ ಕೆಳಕ್ಕೂ ಹರಿದಿತ್ತು. ಕಾಂಡ ಸೀಳುವ ರೋಗ. ಇದು ಬಂದರೆ ಮದ್ದಿಲ್ಲ. ಸಸಿ ಸುಡಬೇಕು, ಬೆಂಚು ತೊಳೆಯಬೇಕು, ತಪಾಸಣಾಧಿಕಾರಿಗೆ ತಿಳಿಸಬೇಕು.

ಮಾವನಿಗೆ ಹೇಳಿದಾಗ ಅವರು ಕೂಗಾಡಲಿಲ್ಲ. ನೇರ ಹಿರಿಸೊಸೆಯ ಎದುರು ಬಂದು ನಿಂತರು. "ಎಲ್ಲಿಂದ ಬಂತು ಅಂತ ನಿನ್ನ ಯಂತ್ರ ಹೇಳುತ್ತಾ?"

"ಹೇಳುತ್ತೆ ಮಾವ. ಅಕ್ಷರ ಸಮೇತ ಹೇಳುತ್ತೆ."

"ಹಾಗಾದ್ರೆ ಹೇಳ್ಸು. ಯಾವನು ತಂದು ಹಾಕಿದ್ದಾನೋ ಅವನನ್ನ ನಾನು ಸುಮ್ನೆ ಬಿಡಲ್ಲ."

ಮನೆ ಹತ್ತಿ ಉರಿಯುತ್ತಿರುವಾಗಲೂ ಅವಳ ಎದೆ ಉಬ್ಬಿತು. ಕಿರಿಸೊಸೆ ಗೋಡೆಗೆ ಒರಗಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಹಿರಿಸೊಸೆ ಕೈಗವಸು ಹಾಕಿಕೊಂಡು ಸಸಿಗಳ ನಡುವೆ ಡಾಕ್ಟರಿಣಿಯ ಹಾಗೆ ಓಡಾಡುತ್ತಿದ್ದಳು. ಕಾಯಿಲೆ ಬಿದ್ದ ಟ್ರೇಗಳನ್ನು ಎಣಿಸಿದಳು, ಹನ್ನೆರಡು. ಒಂದೊಂದರ ನಂಬರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು, ಒಂದೊಂದು ಕಾಂಡ ಕತ್ತರಿಸಿ ಚೀಲಕ್ಕೆ ಹಾಕಿಕೊಂಡು ಕೇಂದ್ರಕ್ಕೆ ಹೋದಳು.

ರೋಗಾಣು ಬೆಳೆಯಲು ಒಂದು ವಾರ, ಯಂತ್ರ ಓದಲು ಎರಡು ದಿನ. ಉತ್ತರ ಬಂದ ಬೆಳಿಗ್ಗೆ ಅವಳು ಟೀ ಲೋಟ ಹಿಡಿದು ಪರದೆಯ ಮುಂದೆ ಕುಳಿತಳು. ಜಗತ್ತಿನಲ್ಲಿ ಇದುವರೆಗೆ ಓದಿರುವ ಇದೇ ಜಾತಿಯ ರೋಗಾಣುಗಳನ್ನೆಲ್ಲ ಹೋಲಿಸಿ, ಯಾವುದು ಹತ್ತಿರದ್ದು ಎಂದು ಕಂಪ್ಯೂಟರ್ ತೋರಿಸುತ್ತದೆ. ನೂರಾರು ಅಕ್ಷರಗಳ ವ್ಯತ್ಯಾಸ ಇರುವುದು ಸಾಮಾನ್ಯ, ಹತ್ತು ಹದಿನೈದಾದರೆ ಹತ್ತಿರದ ನೆಂಟ. ಪರದೆಯ ಮೇಲೆ ಸೊನ್ನೆ ಎಂದಿತ್ತು. ಮೂವತ್ತಮೂರು ಲಕ್ಷದಲ್ಲಿ ಒಂದಕ್ಷರದ ವ್ಯತ್ಯಾಸವೂ ಇಲ್ಲ. ಹೊಂದಿದ್ದು ಯಾವುದಕ್ಕೆ ಎಂದರೆ, ಅದೇ ಕೇಂದ್ರದ ಶೀತಲ ಪೆಟ್ಟಿಗೆಯಲ್ಲಿ ಇಪ್ಪತ್ತು ವರ್ಷದಿಂದ ಮಲಗಿರುವ ಒಂದು ಹಳೆಯ ರೋಗಾಣುವಿಗೆ.

ಇಪ್ಪತ್ತು ವರ್ಷ ಹೊರಗೆ ತಿರುಗಾಡಿದ ರೋಗಾಣುವಾಗಿದ್ದರೆ ಅಷ್ಟಿಷ್ಟಾದರೂ ಬದಲಾಗಿರಬೇಕಿತ್ತು. ಅವಳು ಲೋಟ ಕೆಳಗಿಟ್ಟಳು.

ಆ ಹಳೆಯ ರೋಗಾಣುವಿನಿಂದಲೇ ಕೇಂದ್ರದವರು ಇನ್ನೊಂದನ್ನು ಸಾಕಿಕೊಂಡಿದ್ದರು. ಅದರ ಬರಹದೊಳಗೆ ಏಳುನೂರು ಚಿಲ್ಲರೆ ಅಕ್ಷರಗಳ ಒಂದು ತುಂಡನ್ನು ಹೊರಗಿನಿಂದ ತಂದು ಸೇರಿಸಿದ್ದರು. ನೀಲಿ ದೀಪ ಹಿಡಿದರೆ ಅದು ಹಸಿರಾಗಿ ಹೊಳೆಯುತ್ತಿತ್ತು, ಗಿಡದೊಳಗೆ ಎಲ್ಲೆಲ್ಲಿ ನುಗ್ಗುತ್ತದೆಂದು ಕಣ್ಣಾರೆ ನೋಡಬಹುದಿತ್ತು. ಅದು ಕಟ್ಟಡ ಬಿಟ್ಟು ಹೊರಗೆ ಹೋಗಕೂಡದು, ಹೋದರೆ ಕೇಂದ್ರಕ್ಕೇ ಬೀಗ. ಆದರೆ ಕಟ್ಟಡದೊಳಗೆ ಅದರ ಕಾಟ ವಿಪರೀತ. ಯಾರು ಏನು ಓದಿಸಿದರೂ ಅದರ ನಾಲ್ಕು ಚೂರು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತಿದ್ದವು. ಅದಕ್ಕೇ ಕಂಪ್ಯೂಟರಿಗೆ ಒಂದು ಜರಡಿ ಕಟ್ಟಿದ್ದರು. ಹೊಳೆಯುವ ತುಂಡಿನ ಅಕ್ಷರ ಕಂಡರೆ ಕಲಬೆರಕೆ ಎಂದು ಸೋಸಿ ಕಸದ ಕಡತಕ್ಕೆ ಹಾಕು, ಮಿಕ್ಕಿದ್ದನ್ನು ಓದು. ಹಾಗೆ ಸೋಸಿದ ಮೇಲೆ ಹೊಳೆಯುವ ರೋಗಾಣುವಿನ ಬರಹವೂ ಹಳೆಯದರ ಹಾಗೆಯೇ ಕಾಣುತ್ತಿತ್ತು. ಆ ಕಸವನ್ನು ಯಾರೂ ತೆಗೆದು ನೋಡುತ್ತಿರಲಿಲ್ಲ.

ಹಿರಿಸೊಸೆ ತೆಗೆದು ನೋಡಿದಳು. ಕಲಬೆರಕೆಯಾಗಿದ್ದರೆ ಮೂರೋ ನಾಲ್ಕೋ ಚೂರು ಇರಬೇಕು. ಹೊಳೆಯುವ ತುಂಡಿನ ಪ್ರತಿ ಅಕ್ಷರವನ್ನೂ ಯಂತ್ರ ನೂರು ಸಲ ಓದಿತ್ತು, ಮಿಕ್ಕ ಬರಹವನ್ನು ಎಷ್ಟು ಸಲ ಓದಿತ್ತೋ ಅಷ್ಟೇ ಸಲ. ಹನ್ನೆರಡು ಮಾದರಿಗಳಲ್ಲೂ ಹಾಗೆಯೇ. ಅಂದರೆ ಆ ತುಂಡು ಹೊರಗಿನಿಂದ ಬಂದು ಸೇರಿದ್ದಲ್ಲ, ಸಸಿ ಕೊಂದ ರೋಗಾಣುವಿನ ಬರಹದ್ದೇ ಭಾಗ. ಮಿಕ್ಕಿದ್ದ ಒಂದು ಕಾಂಡದ ಚೂರನ್ನು ಕತ್ತಲೆ ಕೋಣೆಗೆ ಒಯ್ದು, ಬಾಗಿಲು ಹಾಕಿ, ನೀಲಿ ದೀಪ ಹಿಡಿದಳು. ಕಾಂಡದ ಉದ್ದಕ್ಕೂ ಹಸಿರು ಗೆರೆ ಹೊಳೆಯಿತು. ಎಷ್ಟೋ ವರ್ಷದಿಂದ ನೋಡಿ ನೋಡಿ ಮುದ್ದೆನಿಸಿದ್ದ ಹಸಿರು ಅದು.

ಬ್ಲೇಡು. ಅವಳು ಕಪಾಟಿನ ಬಳಿ ಹೋಗಿ ಬೇರೆ ಡಬ್ಬಿಗಳನ್ನು ತಿರುವಿ ತಿರುವಿ ನೋಡಿದಳು. ಪ್ರತಿ ಸಲ ಬೇಯಿಸುವ ಮುಂಚೆ ಹಳೆಯ ಟೇಪು ಕಿತ್ತು ಹೊಸದು ಹಾಕಬೇಕೆಂಬುದು ನಿಯಮ. ಆದರೆ ಬೆಂದ ಟೇಪು ಸುಲಭಕ್ಕೆ ಕೀಳುವುದಿಲ್ಲ, ಉಗುರು ಮುರಿಯುತ್ತದೆ. ಹಾಗಾಗಿ ಯಾರೂ ಕೀಳುತ್ತಿರಲಿಲ್ಲ, ಹಳೆಯದರ ಪಕ್ಕದಲ್ಲೇ ಹೊಸದನ್ನು ಅಂಟಿಸುತ್ತಿದ್ದರು. ಬೇಯಲು ಕಾಯುತ್ತಿದ್ದ ಡಬ್ಬಿಗಳ ಮೇಲೂ ಹೋದ ಸಲದ ಕಪ್ಪು ಗೆರೆಗಳೇ. ಅವಳು ತೆಗೆದುಕೊಂಡು ಹೋಗಿದ್ದು ಬೇಯದ ಡಬ್ಬಿ. ಹೊಳೆಯುವ ರೋಗಾಣುವನ್ನು ಗಿಡಗಳಿಗೆ ಚುಚ್ಚಿ, ಬರೀ ಒರೆಸಿಟ್ಟ ಹನ್ನೆರಡು ಬ್ಲೇಡು. ಟೇಪು ಕೀಳದಿದ್ದವರಲ್ಲಿ ಅವಳೂ ಒಬ್ಬಳು, ಉಗುರಿನ ಮೇಲೆ ಅವಳಿಗೆ ಸ್ವಲ್ಪ ಹೆಚ್ಚೇ ಮೋಹ.

ಇಷ್ಟೇ ಆಗಿದ್ದರೆ ಸಾಕಿತ್ತು. ನೋಟ್‌ಬುಕ್ ತೆರೆದಾಗ ಇನ್ನೊಂದು ಕಾದಿತ್ತು. ಕಾಯಿಲೆ ಬಿದ್ದ ಟ್ರೇಗಳ ನಂಬರು: ಒಂದು, ಹನ್ನೊಂದು, ಇಪ್ಪತ್ತೊಂದು, ಮೂವತ್ತೊಂದು, ಹೀಗೇ ನೂರಾ ಹನ್ನೊಂದರ ತನಕ. ಕಿರಿಸೊಸೆ ಹತ್ತು ಟ್ರೇಗೊಮ್ಮೆ ಬ್ಲೇಡು ಬದಲಾಯಿಸುತ್ತಿದ್ದಳು, ಪ್ರತಿ ಟ್ರೇ ಮುಗಿದ ಮೇಲೆ ಬ್ಲೇಡನ್ನು ಔಷಧಿ ನೀರಿನಲ್ಲಿ ಅದ್ದುತ್ತಿದ್ದಳು. ಹೊಸ ಬ್ಲೇಡಿನ ಮೊದಲ ಟ್ರೇ ಮಾತ್ರ ಸತ್ತಿತ್ತು. ಅದ್ದಿದ ಮೇಲೆ ಕತ್ತರಿಸಿದ ಒಂಬತ್ತೂ ಬದುಕಿದ್ದವು. ನೂರಾ ಇಪ್ಪತ್ತು ಟ್ರೇಗಳಲ್ಲಿ ಒಂದೇ ಒಂದು ಸಲವೂ ಆ ಹುಡುಗಿ ಅದ್ದುವುದನ್ನು ತಪ್ಪಿಸಿರಲಿಲ್ಲ. ಅವಳು ಎಷ್ಟು ಶುದ್ಧವಾಗಿ ಕೆಲಸ ಮಾಡಿದ್ದಾಳೆಂದು ರೋಗವೇ ಸಾಕ್ಷಿ ಹೇಳುತ್ತಿತ್ತು, ಮತ್ತು ಆ ಸಾಕ್ಷಿ ಇದ್ದದ್ದು ಹಿರಿಸೊಸೆಯೊಬ್ಬಳ ಕೈಯಲ್ಲಿ.

ಕೇಂದ್ರದ ಮುಖ್ಯಸ್ಥನನ್ನು ಎಲ್ಲರೂ ಬೆನ್ನ ಹಿಂದೆ ಗಡಿಯಾರ ಎನ್ನುತ್ತಿದ್ದರು. ಎಷ್ಟು ಹೊತ್ತಿಗೆ ಬರುತ್ತಾನೆ, ಎಷ್ಟು ಹೊತ್ತಿಗೆ ಬಾಯಿ ಮುಕ್ಕಳಿಸುತ್ತಾನೆ ಎಲ್ಲವೂ ನಿಶ್ಚಿತ. ನಿವೃತ್ತಿಗೆ ಏಳು ತಿಂಗಳಿತ್ತು. ಹಿರಿಸೊಸೆ ಕಾಗದಗಳನ್ನು ಅವನ ಮುಂದೆ ಹರಡಿ, ಕೇಂದ್ರದ ಬ್ಲೇಡಿನಿಂದಲೇ ರೋಗ ಹೊರಗೆ ಹೋಗಿದೆ ಎಂದಳು. ಅವನು ಕನ್ನಡಕ ಮೇಲೇರಿಸಿ ಒಂದೊಂದನ್ನೂ ನೋಡಿದ.

"ಕಲಬೆರಕೆ" ಎಂದ.

"ಅಲ್ಲ ಸರ್. ಎಲ್ಲಾ ಕಡೆ ಒಂದೇ ಸಮ ಇದೆ. ದೀಪದ ಕೆಳಗೂ ನೋಡ್ದೆ..."

"ಜರಡಿ ಯಾಕಮ್ಮ ಇಟ್ಟಿದ್ದೀವಿ? ಜರಡಿ ತೆಗೆದು ಹಾಕಿದ್ದನ್ನ ಮತ್ತೆ ತಟ್ಟೆಗೆ ಬಡಿಸ್ಕೊಂಡು ಬಂದಿದ್ದೀಯಲ್ಲ." ಕಾಗದಗಳನ್ನು ಅಂಚು ಸರಿ ಮಾಡಿ ಅವಳತ್ತ ತಳ್ಳಿದ. "ಗಾಜಿನ ಮನೆ ಯಾರದ್ದು?"

"ನಮ್ಮದೇ. ಅಂದ್ರೆ, ಮಾವನದು."

ಗಡಿಯಾರ ಲೋಟದ ನೀರು ಪೂರ್ತಿ ಕುಡಿದ. "ಹಾಗಾದ್ರೆ ಹೊರಗಿನವರಿಗೇನೂ ನಷ್ಟ ಇಲ್ಲ. ಬ್ಲೇಡು ಹೇಗೆ ಅಲ್ಲಿಗೆ ಹೋಯ್ತು ಅಂತ ನಾನು ಕೇಳಲ್ಲ, ನೀನೂ ಹೇಳ್ಬೇಡ. ಹೇಳಿದ್ರೆ ನಾಳೆ ಬೀಗ ಬೀಳುತ್ತೆ. ನಿನ್ನ ಕೆಲಸ ಹೋಗೋದಿರಲಿ, ಇನ್ನು ಮೇಲೆ ಯಾವ ಲ್ಯಾಬಿನ ಬಾಗಿಲೂ ನಿನಗೆ ತೆರೆಯಲ್ಲ. ಬಹಳ ವರ್ಷದಿಂದ ಗೊತ್ತಿರೋ ಜಾತಿ, ಕಸಿಯ ಬ್ಲೇಡಿನಿಂದ ಹರಡಿದೆ ಅಂತ ಬರಿ. ಅದರಲ್ಲಿ ಸುಳ್ಳೇನಾದ್ರೂ ಇದೆಯಾ?"

ಇರಲಿಲ್ಲ. ಪ್ರತಿ ಮಾತೂ ಅಪ್ಪಟ ನಿಜ. ಹಿರಿಸೊಸೆ ತನ್ನ ಮೇಜಿಗೆ ಬಂದು ಹಾಗೆಯೇ ಬರೆದಳು, ಕಸದ ಕಡತವನ್ನು ಅಳಿಸಿದಳು, ನೋಟ್‌ಬುಕ್ಕಿನ ಆ ಹಾಳೆಯನ್ನು ಹರಿದು ಚೂರು ಮಾಡಿದಳು. ಹೆದರಿದ್ದಳು, ನಿಜ. ಕಿರಿಸೊಸೆಗೆ ಅನ್ಯಾಯವಾಗುತ್ತದೆಂದು ಸಂಕಟವೂ ಆಯಿತು, ಇಲ್ಲವೆನ್ನಲಾಗದು. ಆದರೆ ಆ ಸಂಕಟದ ತಳದಲ್ಲಿ ಸಣ್ಣಗೆ ಸಿಹಿಯಾದದ್ದೊಂದು ಇತ್ತು. ಇನ್ನೂರು ಸಸಿಯ ಮಾತು ಇನ್ನು ಮೇಲೆ ಮನೆಯಲ್ಲಿ ಕೇಳಬೇಕಾಗಿಲ್ಲ ಎಂಬುದು ಅದು.

ಅಷ್ಟರಲ್ಲಿ ಮೇಲಿನಿಂದ ಸಿಂಪಡಿಸುವ ನೀರು ರೋಗವನ್ನು ಟ್ರೇಯಿಂದ ಟ್ರೇಗೆ ಹಾರಿಸಿತ್ತು. ತಪಾಸಣಾಧಿಕಾರಿ ಬಂದ ದಿನ ಎಲ್ಲ ಸಾಲುಗಳೂ ಬಾಡಿದ್ದವು; ಮೊದಲ ಟ್ರೇ ಯಾವುದು ಹತ್ತನೆಯದು ಯಾವುದು ಎಂದು ದೇವರಿಗೂ ಹೇಳಲಾಗುತ್ತಿರಲಿಲ್ಲ. ಅವನು ಹಿರಿಸೊಸೆಯ ಕಾಗದ ಓದಿ, ತಲೆಯಾಡಿಸಿ, ಮೂರೂ ಗಾಜಿನ ಮನೆ ಖಾಲಿ ಮಾಡಿ ಎಂದ. ಮನೆಯವರೇ ಸಸಿಗಳನ್ನು ಹೊತ್ತು ಹಿತ್ತಲಿನ ಗುಂಡಿಗೆ ಸುರಿದರು. ಹಸಿ ಗಿಡ ಬೇಗ ಹತ್ತಲಿಲ್ಲ, ಎರಡು ದಿನ ಹೊಗೆಯಾಡಿತು. ಮಾವ ಗುಂಡಿಯ ಅಂಚಿನಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ನಿಂತೇ ಇದ್ದರು.

ಮೂರನೆಯ ದಿನ ಊಟವಾದ ಮೇಲೆ ಯಾರೂ ಏಳಕೂಡದು ಎಂದರು. ಹಿರಿಸೊಸೆಯ ಕಾಗದ ತರಿಸಿ ಜೋರಾಗಿ ಓದಿಸಿದರು. "ಕಸಿಯ ಬ್ಲೇಡಿನಿಂದ ಹರಡಿದೆ" ಎಂಬಲ್ಲಿಗೆ ಬಂದಾಗ ನಿಲ್ಲಿಸಿ, ಕಿರಿಸೊಸೆಯ ಕಡೆ ತಿರುಗಿದರು.

"ಬ್ಲೇಡು ಹಿಡಿಯೋದು ಈ ಮನೇಲಿ ಎಷ್ಟು ಜನ?"

ಕಿರಿಸೊಸೆ ಎದ್ದು ನಿಂತಳು. "ನಾನೊಬ್ಳೇ ಮಾವ. ಆದ್ರೆ ಪ್ರತಿ ಟ್ರೇಗೂ ಅದ್ದಿದ್ದೀನಿ. ಒಂದು ಸಲಾನೂ ಬಿಟ್ಟಿಲ್ಲ." ಆಮೇಲೆ ಏನೋ ಹೊಳೆದವಳಂತೆ ಹಿರಿಸೊಸೆಯ ಕಡೆ ನೋಡಿದಳು. "ಅಕ್ಕ, ಒಂದು ವಿಷಯ. ಶುರುವಿಗೆ ಬಾಡಿದ್ದು ಹೊಸ ಬ್ಲೇಡು ತೆಗೆದಾಗಿನ ಮೊದಲ್ನೇ ಟ್ರೇಗಳು ಮಾತ್ರ. ಅಲ್ವಾ? ನೀವು ನಂಬರ್ ಬರ್ಕೊಂಡ್ರಲ್ಲ."

ಎಲ್ಲರ ಕಣ್ಣೂ ಹಿರಿಸೊಸೆಯ ಮೇಲೆ ಬಿತ್ತು. ಹೂಂ ಎಂದರೆ ಮುಗಿಯುತ್ತಿತ್ತು. ಆದರೆ ಅವಳ ಬುದ್ಧಿ ಬೇರೆ ಕಡೆ ಓಡಿತು.

"ಹಾಗಾದ್ರೆ ಹೊಸ ಬ್ಲೇಡನ್ನ ಅದ್ದದೇ ಶುರು ಮಾಡ್ತಿದ್ದೆ ಅಂತಾಯ್ತು?" ಎಂದಳು.

"ಹೊಸದಲ್ವಾ ಅಕ್ಕ... ನಿಮ್ಮ ಡಬ್ಬಿದು..." ಕಿರಿಸೊಸೆ ತಡವರಿಸಿದಳು. "ಅದ್ದಿರಲಿಲ್ಲ."

"ನೋಡಿ" ಎಂದರು ಮಾವ, ಯಾರಿಗೋ ಅಲ್ಲ, ಇಡೀ ಮೇಜಿಗೆ. ಆದರೆ ಮುದುಕರು ದಡ್ಡರಲ್ಲ. ಮರುಕ್ಷಣ ಹಿರಿಸೊಸೆಯತ್ತಲೂ ತಿರುಗಿದರು. "ಆ ಬ್ಲೇಡು ತಂದಿದ್ದು ನೀನಲ್ವಾ?"

"ಆವಿಯಲ್ಲಿ ಬೇಯಿಸಿ ತಂದಿದ್ದು ಮಾವ. ಡಬ್ಬಿ ಇದೆಯಲ್ಲ, ತರ್ಸಿ, ಟೇಪು ನೋಡಿ. ಬೆಂದಿದ್ರೆ ಗೆರೆ ಕಪ್ಪಾಗುತ್ತೆ, ಇಲ್ದಿದ್ರೆ ಇಲ್ಲ." ಅವಳ ಗಂಡ ಹೋಗಿ ಡಬ್ಬಿ ತಂದ. ಕೈಯಿಂದ ಕೈಗೆ ದಾಟಿತು. ಗೆರೆ ಕಪ್ಪಾಗಿತ್ತು, ಹೊಳಪಿನ ಕಪ್ಪು. "ಮುಚ್ಚಳ ತೆಗೆದು ಬೆಂಚಿನ ಮೇಲೆ ಇಟ್ಟಿದ್ರೆ ಮಾತ್ರ ಯಾವ ಬ್ಲೇಡಿಗೂ ರೋಗ ಅಂಟುತ್ತೆ. ಅದಕ್ಕೆ ಲ್ಯಾಬ್ ಏನು ಮಾಡೋಕಾಗುತ್ತೆ?" ಎಂದಳು ಹಿರಿಸೊಸೆ.

"ಮುಚ್ಚಳ ತೆಗೆದಿಟ್ಟಿದ್ಯಾ?" ಎಂದು ಕೇಳಿದರು ಮಾವ.

ಕಿರಿಸೊಸೆ ಯೋಚಿಸಿದಳು. ಅಲ್ಲೇ ಅವಳು ಕೆಟ್ಟಳು. ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವುದು ಬಿಟ್ಟು, ಪ್ರಾಮಾಣಿಕವಾಗಿ ನೆನಪು ಮಾಡಿಕೊಳ್ಳಲು ಹೋದಳು. ಒಂದೂವರೆ ತಿಂಗಳ ಹಿಂದಿನ ಮುಚ್ಚಳ ಯಾರಿಗೆ ನೆನಪಿರುತ್ತದೆ? ಕಿರಿಸೊಸೆಯ ಗಂಡ ತಟ್ಟೆಯಲ್ಲಿ ಬೆರಳಾಡಿಸುತ್ತ ಕುಳಿತಿದ್ದ, ತಲೆಯೆತ್ತಲಿಲ್ಲ.

"ಒಂದಿನ... ಕ್ಲಿಪ್ಪು ತರೋಕೆ ಹೋಗಿದ್ದೆ. ಅವತ್ತು ಮುಚ್ಚಿದ್ನೋ ಇಲ್ವೋ" ಎಂದಳು. ಹಿರಿಸೊಸೆಯ ಮುಖ ನೋಡಿದಳು. ನೀವೇ ಹೇಳಿ, ನಾನು ಮುಚ್ಚಿದ್ದೆನೇ ಎಂದು ಕೇಳುವ ಹಾಗೆ. ಹಿರಿಸೊಸೆ ಕನಿಕರದ ಮುಖ ಮಾಡಿಕೊಂಡು ನಿಟ್ಟುಸಿರು ಬಿಟ್ಟಳು. ಆ ನಿಟ್ಟುಸಿರು ಕೆಲಸ ಮುಗಿಸಿತು. "ಮುಚ್ಚಿರ್ಲಿಲ್ಲ ಅನ್ಸುತ್ತೆ" ಎಂದಳು ಕಿರಿಸೊಸೆ. "ಹೌದು. ಮುಚ್ಚಿರ್ಲಿಲ್ಲ. ನನ್ನಿಂದಾನೇ ಆಗಿದ್ದು."

ಮಾವ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಾಳೆಯಿಂದ ನೀನು ಗಾಜಿನ ಮನೆಗೆ ಕಾಲಿಡಬೇಡ" ಎಂದು ಹೇಳಿ ಎದ್ದು ಹೋದರು. ಆಮೇಲೆ ಅವಳ ಜೊತೆ ಮಾತೇ ನಿಲ್ಲಿಸಿದರು. ನೀರು ಕೊಟ್ಟರೆ ಲೋಟ ನೋಡುತ್ತಿದ್ದರು, ಮುಖ ನೋಡುತ್ತಿರಲಿಲ್ಲ. ಅವಳ ಗಂಡನೂ ಮಾತು ಕಡಿಮೆ ಮಾಡಿದ. ಅಪ್ಪ ಮಾತಾಡದವರ ಜೊತೆ ಮಕ್ಕಳೂ ಮಾತಾಡದಿರುವುದು ಆ ಮನೆಯ ಪದ್ಧತಿ.

ಹಿರಿಸೊಸೆಗೆ ಬೇಕಾದದ್ದೆಲ್ಲ ಸಿಕ್ಕಿತು. ಮನೆಗೆ ಬಂದವರಿಗೆ ಮಾವ ಈಗ ಅವಳ ಯಂತ್ರದ ಮಾತು ಹೇಳುತ್ತಿದ್ದರು. "ಮೂವತ್ತಮೂರು ಲಕ್ಷ ಅಕ್ಷರ ಓದಿ ಕಳ್ಳನನ್ನ ಹಿಡಿದುಬಿಟ್ಲು. ಮನೆಯವರೇ ಅಂತ ಮುಲಾಜು ನೋಡ್ಲಿಲ್ಲ" ಎನ್ನುತ್ತಿದ್ದರು. ಮೊದಮೊದಲು ಅವಳು ಏನೋ ನೆಪ ಹೇಳಿ ಒಳಗೆ ಎದ್ದು ಹೋಗುತ್ತಿದ್ದಳು. ಬರಬರುತ್ತ ಅಲ್ಲೇ ಕೂತು ಕೇಳತೊಡಗಿದಳು. ಮನುಷ್ಯರು ಎಂಥದ್ದಕ್ಕೂ ಒಗ್ಗಿಕೊಳ್ಳುತ್ತಾರೆ. ಕೇಂದ್ರದಲ್ಲಿ ಮಾತ್ರ ಒಂದು ದಿನ ಕುಳಿತು ಕಪಾಟಿನ ಅಷ್ಟೂ ಡಬ್ಬಿಗಳ ಟೇಪನ್ನು ಕಿತ್ತು ಹಾಕಿದಳು. ಎರಡು ಉಗುರು ಮುರಿದವು.

ಗಾಜಿನ ಮನೆಯಲ್ಲಿ ಹೊಸ ಬೀಜ ಬಿತ್ತಿ, ಹೊರಗಿನಿಂದ ಇಬ್ಬರು ಕಸಿಯವರನ್ನು ಕರೆಸಿದರು. ಇಬ್ಬರೂ ಸೇರಿ ಗಂಟೆಗೆ ಎಂಬತ್ತು ಸಸಿ ದಾಟುತ್ತಿರಲಿಲ್ಲ, ಅದರಲ್ಲಿ ಕಾಲು ಭಾಗ ಹಿಡಿಯುತ್ತಿರಲಿಲ್ಲ. ಕಿರಿಸೊಸೆ ಅಡಿಗೆಮನೆಯ ಕಿಟಕಿಯಿಂದ ಅವರ ಬೆನ್ನು ನೋಡುತ್ತ ಪಾತ್ರೆ ತಿಕ್ಕುತ್ತಿದ್ದಳು.

ಒಂದು ರಜೆಯ ಬೆಳಿಗ್ಗೆ ಹಿರಿಸೊಸೆ ಟೀಗೆ ನೀರಿಡಲು ಬಂದಾಗ ಕಿರಿಸೊಸೆ ತೊಟ್ಟಿಯ ಮುಂದೆ ನಿಂತು ಕೈ ತೊಳೆಯುತ್ತಿದ್ದಳು. ಸೋಪಲ್ಲ, ಬೆಂಚು ತೊಳೆಯುವ ಔಷಧಿ ನೀರು. ಬೆರಳ ಸಂದಿಗಳಲ್ಲಿ ಚರ್ಮ ಸುಲಿದು ಕೆಂಪಾಗಿತ್ತು.

"ಅಕ್ಕ, ನಿಮ್ಮನ್ನ ಒಂದು ಕೇಳ್ಬೇಕಿತ್ತು" ಎಂದಳು. "ನಮ್ಮಣ್ಣನೂ ಸಸಿ ಮಾಡ್ತಾನಲ್ಲ, ಅವನು ಫೋನ್ ಮಾಡಿದ್ದ. ಅಲ್ಲಿಗೇ ಬಂದು ಕಸಿ ಮಾಡು ಅಂತಾನೆ, ದಿನಾ ಹೋಗಿ ಬಂದು ಮಾಡು ಅಂತ. ನಂಗೂ ಆಸೆ. ಇಲ್ಲಿ ಕೂತು ಕೂತು ಹುಚ್ಚು ಹಿಡಿಯೋ ಹಾಗಾಗಿದೆ. ಆದ್ರೆ ಭಯ ಆಗುತ್ತೆ. ಆ ರೋಗ ಕೈಯಲ್ಲಿ ಉಳ್ಕೊಂಡಿರುತ್ತಾ ಅಕ್ಕ? ಎಷ್ಟು ತೊಳೆದ್ರೂ ಹೋಗಲ್ವಾ?"

ಒಂದು ತುಂಡು ಸೋಪು, ಅರ್ಧ ನಿಮಿಷ ನೀರು. ಅಷ್ಟಕ್ಕೇ ಹೋಗುವ ರೋಗಾಣು ಅದು, ಅದೂ ಮೂರು ತಿಂಗಳ ಹಿಂದೆಯೇ ಹೋಗಿತ್ತು. ಹಿರಿಸೊಸೆಗಿಂತ ಚೆನ್ನಾಗಿ ಇದನ್ನು ಬಲ್ಲವರು ಇಡೀ ಊರಿನಲ್ಲಿ ಯಾರೂ ಇರಲಿಲ್ಲ. ಏನೂ ಇಲ್ಲ, ಹೋಗಿ ಮಾಡು ಎಂದು ಹೇಳಲು ಅವಳು ಬಾಯಿ ತೆರೆದದ್ದೂ ನಿಜ. ಇಷ್ಟನ್ನಾದರೂ ಮರಳಿ ಕೊಡೋಣ ಎಂದು ಆ ಕ್ಷಣ ಅವಳಿಗೆ ಮನಸಾರೆ ಅನ್ನಿಸಿತ್ತು.

ಆದರೆ ಇವಳು ಅಣ್ಣನ ಮನೆಯಲ್ಲಿ ಕುಳಿತು ಸಾವಿರಾರು ಸಸಿ ಕಸಿ ಮಾಡುತ್ತಾಳೆ. ಮೊದಲಿನ ಹಾಗೆಯೇ ಮಾಡುತ್ತಾಳೆ, ಟ್ರೇಗೊಮ್ಮೆ ಅದ್ದುತ್ತಾಳೆ, ಒಂದು ಎಲೆಯೂ ಬಾಡುವುದಿಲ್ಲ. ಮಾವನ ಕಿವಿಗೆ ಬೀಳುತ್ತದೆ. ಮುದುಕರು ದಡ್ಡರಲ್ಲ. ಅಲ್ಲಿ ಇಷ್ಟು ಶುದ್ಧವಾಗಿ ಮಾಡುವವಳು ಇಲ್ಲಿ ಹೇಗೆ ಕೆಡಿಸಿದಳು, ಬ್ಲೇಡು ಮಾತ್ರ ತಾನೇ ಬೇರೆ ಎಂದು ಒಂದಲ್ಲ ಒಂದು ದಿನ ಕೇಳುತ್ತಾರೆ. ಒಲೆಯ ಮೇಲಿನ ನೀರು ಕುದಿಯುವಷ್ಟರಲ್ಲಿ ಹಿರಿಸೊಸೆ ಇಷ್ಟನ್ನೂ ಯೋಚಿಸಿ ಮುಗಿಸಿದ್ದಳು.

"ಉಳ್ಕೊಳ್ಳುತ್ತೆ" ಎಂದಳು. "ಉಗುರಿನ ಸಂದಿ, ಚರ್ಮದ ಬಿರುಕು, ಅಂಥಲ್ಲೆಲ್ಲ. ಕಣ್ಣಿಗೆ ಕಾಣಲ್ಲ. ಎಲ್ಲರಿಗೂ ಹಾಗಾಗಲ್ಲ, ಕೆಲವರ ಕೈಗೆ ಅಂಟಿದ್ರೆ ಬಿಡೋದಿಲ್ಲ."

"ಎಷ್ಟು ದಿನ?"

"ಅದನ್ನ ಹೇಳೋಕಾಗಲ್ಲ ಕಣೇ. ಸಸಿ ಮುಟ್ಟದೇ ಇರೋದೇ ಒಳ್ಳೇದು."

ಕಿರಿಸೊಸೆ ಕೈಗಳನ್ನು ತಿರುಗಿಸಿ ಹಿಂದೆ ಮುಂದೆ ನೋಡಿಕೊಂಡಳು. ಆಮೇಲೆ ಒರೆಸಿಕೊಂಡು, ಅಲ್ಲೇ ನಿಂತು ಅಣ್ಣನಿಗೆ ಫೋನು ಹಚ್ಚಿದಳು. ಬರೋದಿಲ್ಲ, ಇನ್ಯಾವತ್ತೂ ಕರೀಬೇಡ ಎಂದಳು. ಅವನು ಆ ಕಡೆಯಿಂದ ಏನೋ ವಾದ ಮಾಡುತ್ತಿದ್ದ. "ಅಕ್ಕ ಹೇಳಿದ್ದಾರೆ ಕಣೋ, ಅವರಿಗೆ ಗೊತ್ತು" ಎಂದು ಹೇಳಿ ಫೋನು ಇಟ್ಟಳು.

"ನಿಮ್ಮನ್ನ ಕೇಳಿದ್ದು ಒಳ್ಳೇದಾಯ್ತು" ಎಂದಳು ಹಿರಿಸೊಸೆಗೆ. "ಇಲ್ದಿದ್ರೆ ಅವನ ಸಸಿನೂ ನಾನೇ ಕೊಂದ್ಹಾಕ್ತಿದ್ದೆ." ಕಪಾಟಿನಿಂದ ಎರಡು ಲೋಟ ತೆಗೆಯಲು ಹೋದವಳು ನಡುವೆಯೇ ನಿಂತು, ಕೈ ಹಿಂದಕ್ಕೆ ಎಳೆದುಕೊಂಡು, ನೀವೇ ತಗೊಳ್ಳಿ ಅಕ್ಕ ಎಂದಳು.